ತಟ್ಟಿ ನೋಡುವವಳು

ಚಲಾವಣೆ ಸತ್ತ ಒಂದು ಲಿತಾಸ್ ನಾಣ್ಯ ನನ್ನ ಜೇಬಿನಲ್ಲಿದೆ.
ಅಂಗಡಿಯಲ್ಲಿ ಅದಕ್ಕೆ ಒಂದು ಬೆಂಕಿಕಡ್ಡಿಯೂ ಬಾರದು.
ರೆಕ್ಕೆಯ ಮೇಲೆ ಮಾತ್ರ ಇನ್ನೂ ಬೆಲೆಯಿದೆ:
ಟಕ್, ಟಕ್, ಟಕ್ ಎಂದರೆ ಅಂಟು ಹಿಡಿದಿದೆ.
ಟಪ್ ಎಂದರೆ ಒಳಗೆಲ್ಲೋ ಗಾಳಿ ಹೊಕ್ಕಿದೆ.

ನೆಮುನಾಸ್ ನದಿ ಮೈ ತಿರುಗಿಸುವಲ್ಲಿ ನಮ್ಮ ಶೆಡ್ಡು.
ಚಿಮಣಿಯ ಮೇಲೆ ಕೊಕ್ಕರೆ ಗೂಡು. ಒಳಗೆ
ಸ್ಪ್ರೂಸ್ ಮರದ ವಾಸನೆ, ಇಂಗಾಲದ ನಾರಿನ ಕರಿಬಟ್ಟೆ,
ಮತ್ತೆ ಔದ್ರೋನೆ. ಹೆಸರಿನ ಅರ್ಥ ಬಿರುಗಾಳಿ,
ಮಾತಿಗೆ ಪೆನ್ಸಿಲ್ಲಿನಷ್ಟೇ ಸದ್ದು.

ಮೊದಲ ದಿನವೇ ಹೇಳಿದ್ದಳು:
"ಮಿಕ್ಕ ವಿಮಾನಗಳು ಕೊಟ್ಟಿಗೆಗೆ ಮರಳುವ ಹಸು,
ಕೋಲು ಬಿಟ್ಟರೂ ತಾವಾಗಿ ನೆಟ್ಟಗಾಗುತ್ತವೆ.
ಇದಕ್ಕೆ ಕೊಟ್ಟಿಗೆಯೇ ಬೇಡ."
ರೆಕ್ಕೆಯ ಬೆನ್ನಿಗೆಷ್ಟು ಉಬ್ಬೋ ಹೊಟ್ಟೆಗೂ ಅಷ್ಟೇ ಕೊಟ್ಟಳು;
ಮೇಲ್ಯಾವುದು ಕೆಳಗ್ಯಾವುದು ಅದಕ್ಕೆ ತಿಳಿಯಬಾರದು.
ಅಡ್ಡ ಕೊಯ್ದು ನೋಡಿದರೆ ಕುಂಬಳದ ಬೀಜ.
ಇಂಧನದ ತೊಟ್ಟಿಯೊಳಗೆ ಮೆತ್ತನೆ ಕೊಳವೆ, ತುದಿಗೆ ಸೀಸದ ಗುಂಡು:
ಪೆಟ್ರೋಲು ಯಾವ ಗೋಡೆಗೆ ಬಿತ್ತೋ ಅದೂ ಅಲ್ಲಿಗೇ ಬಿದ್ದು
ಕುಡಿಯುತ್ತದೆ. ನೆಲ ಎತ್ತಲಿದೆ ಎಂದು ಅದಕ್ಕೂ ಗೊತ್ತಿಲ್ಲ,
ಭಾರ ಎತ್ತಲಿದೆ ಎಂಬುದಷ್ಟೇ ಗೊತ್ತು.

ಮೊದಲ ರೆಕ್ಕೆಯನ್ನು ಮುರಿಯಲೆಂದೇ ಮಾಡಿದೆವು.
ನಾಲ್ಕು ತಿಂಗಳು ಹಾಸಿ, ಒತ್ತಿ, ಕಾಯಿಸಿ, ಉಜ್ಜಿದ್ದನ್ನು
ಬೋರಲು ಮಲಗಿಸಿ ಮರಳಿನ ಚೀಲ ಹೇರಿದೆವು.
ಆರು ಪಟ್ಟು. ಹತ್ತು ಪಟ್ಟು. ತುದಿ ಬಾಗಿತು, ಬಾಗಿಯೂ ತಾಳಿತು.
ಹದಿನೈದಕ್ಕೆ ಯಾರೂ ಉಸಿರಾಡಲಿಲ್ಲ.
ಹತ್ತೊಂಬತ್ತರ ಚೀಲ ಇಡುವಾಗ
ಹೆಪ್ಪುಗಟ್ಟಿದ ಕೆರೆ ಬಿರಿದಂಥ ಸದ್ದು.
ಎಲ್ಲರೂ ಚಪ್ಪಾಳೆ ತಟ್ಟಿದರು.
ಔದ್ರೋನೆ ಅಳತೆಪಟ್ಟಿ ಹಿಡಿದು ಮಂಡಿಯೂರಿದಳು:
ಅವಳು ಗುರುತು ಹಾಕಿದಲ್ಲಲ್ಲ, ಒಂದು ಗೇಣು ಆಚೆ ಮುರಿದಿತ್ತು.
"ಗಟ್ಟಿಯೇನೋ ಹೌದು. ನನಗೆ ಅರ್ಥವಾಗಿಲ್ಲ"
ಎಂದು ಮೇಜಿಗೆ ಹೋದಳು. ಎರಡು ವಾರ
ಕಪ್ಪು ರೊಟ್ಟಿ, ಈರುಳ್ಳಿ; ಮಾತಿಲ್ಲ.

ಆ ಒಂದು ಗೇಣಿನಲ್ಲಿ ನನ್ನ ತಪ್ಪೊಂದಿತ್ತು.
ಆ ಪದರ ಹಾಸಿದ ದಿನ ನನಗೆ ಜ್ವರ; ಅಂಟು ತುಸು ಹೆಚ್ಚು ಬಿದ್ದಿತ್ತು.
ಹೇಳಿದೆ. ಬೈಯಲಿಲ್ಲ.
"ಬರೆದಿಡು" ಎಂದಳು, "ತಾರೀಖು ಸಮೇತ."

ಜುಲೈ. ತೌತ್ವಿದಾಸ್ ಬೆಲ್ಟಿನ ಮೇಲೆ ಬೆಲ್ಟು ಬಿಗಿಸಿಕೊಂಡ.
ಎದುರಿಗೆ ಅಂಟಿಸಿದ ಚೀಟಿಯಲ್ಲಿ ಗೆರೆ, ಬಾಣ, ಸುಳಿ:
ಮಗು ಗೀಚಿದಂತೆ ಕಂಡರೂ ಒಂದು ಚುಕ್ಕಿ ಮರೆತರೆ ದಂಡ.
ಆಕಾಶದಲ್ಲಿ ಕಿಲೋಮೀಟರಿನ ಪೆಟ್ಟಿಗೆ, ಗೋಡೆಯಿಲ್ಲದ್ದು.
ಕೆಳಗೆ ಮಡಚುವ ಕುರ್ಚಿಗಳಲ್ಲಿ ತೀರ್ಪುಗಾರರು
ಕತ್ತು ಹಿಂದಕ್ಕೆ, ಬಾಯಿ ತುಸು ತೆರೆದು,
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.

ಎಳೆದ. ಎಂಬತ್ತು ಕಿಲೋ ದೇಹ ಎಂಟುನೂರಾಯಿತು,
ಕೆನ್ನೆ ಕೊರಳಿಗಿಳಿಯಿತು, ನಾನು ಹಾಸಿದ ಮೂವತ್ತಾರು ಪದರ
ಒಂದರ ಕೈ ಒಂದು ಬಿಡಲಿಲ್ಲ.
ನೆಟ್ಟಗೆ ಮೇಲಕ್ಕೆ. ಗಿರ್ರನೆ ಸುತ್ತಿ
ತಟ್ಟನೆ ನಿಂತ, ಮೊಳೆ ಹೊಡೆದ ಹಾಗೆ.
ವೇಗವೆಲ್ಲ ಖರ್ಚಾಗಿ
ಒಂದು ಗಳಿಗೆ ವಿಮಾನ ಎಲ್ಲಿಯದೂ ಆಗಿರಲಿಲ್ಲ.
ಆಮೇಲೆ ಬಾಲ ಮುಂದಾಗಿ, ಏರಿದ ದಾರಿಯಲ್ಲೇ ಜಾರಿತು.

ಮುಂದಿನ ಆಕೃತಿಯಲ್ಲಿ ಎರಡನೆಯ ಸುತ್ತು
ಮೊದಲಿನದಕ್ಕೆ ಎದುರಾಗಬೇಕಿತ್ತು. ಅದೇ ದಿಕ್ಕಿಗೆ ಸುತ್ತಿದ.
ಎಷ್ಟು ಚಂದ ಸುತ್ತಿದನೆಂದರೆ ಬೇಲಿಯಾಚೆಯವರು ಶಿಳ್ಳೆ ಹಾಕಿದರು.
ಐದೂ ಹಾಳೆಯಲ್ಲಿ ಸೊನ್ನೆ.

ಇಳಿದವನ ಕಣ್ಣಿನ ಬಿಳಿಯಲ್ಲಿ ಕೆಂಪು ಗೆರೆ ಒಡೆದಿತ್ತು.
"ವಿಮಾನದ್ದಲ್ಲ, ನನ್ನದು" ಎಂದ.
ಔದ್ರೋನೆಗೆ ಗೊತ್ತಿತ್ತು: ಹೇಳಿದ್ದನ್ನು ಮಾಡಿತ್ತು ಅದು,
ತಪ್ಪನ್ನೂ ಅಷ್ಟೇ ಚೊಕ್ಕವಾಗಿ.

ಎಲ್ಲರೂ ಬಿಯರಿಗೆ ಹೋದ ಮೇಲೆ
ಇನ್ನೂ ಬೆಚ್ಚಗಿದ್ದ ರೆಕ್ಕೆಯ ಪಕ್ಕ
ಬುಡದಿಂದ ತುದಿಯತ್ತ ನಾಣ್ಯ ತಟ್ಟುತ್ತ ಹೋದೆ.
ಟಕ್. ಟಕ್.
ಆ ಗೇಣು ಬಂದಾಗ ಎರಡು ಸಲ ತಟ್ಟಿದೆ.